‘ಸ್ಪೀಡ್ ಬರ್ತಾ ಇದೆಯಲ್ಲ ಸಾರ್’: ವೈಫೈ ಬೂಸ್ಟರ್ ಕೊಳ್ಳುವ ಮೊದಲು ರೂಟರ್‌ಗೆ ಪಿಂಗ್ ಮಾಡಿ ನೋಡಿ

ವಿಡಿಯೊ ಕರೆಯಲ್ಲಿ ಮಾತು ತುಂಡಾಗುತ್ತದೆ, ನೀವು ಹೇಳಿದ್ದು ಆ ಕಡೆಯವರಿಗೆ ಎರಡು ಕ್ಷಣ ತಡವಾಗಿ ತಲುಪುತ್ತದೆ ಎಂಬ ಕಾರಣಕ್ಕೆ ಯಾರಾದರೂ ನಿಮಗೆ ವೈಫೈ ಬೂಸ್ಟರ್ ಮಾರಲು ಬಂದರೆ, ಹಣ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ. ಬೂಸ್ಟರಿಗೆ 3,400, ದೊಡ್ಡ ಪ್ಲ್ಯಾನಿಗೆ ಆರು ತಿಂಗಳ ಹೆಚ್ಚುವರಿ 2,400, ಮೂರು ಸಲ ಬಂದು ನೋಡಿದ್ದಕ್ಕೆ ತಲಾ 500, ಹೀಗೆ 7,300 ರೂಪಾಯಿ ಖರ್ಚು ಮಾಡಿದ ಮೇಲೂ ನಮ್ಮ ತೊಂದರೆ ಹೋಗಲಿಲ್ಲ, ಬದಲಿಗೆ ಹೆಚ್ಚಾಯಿತು. ಹಣಕ್ಕಿಂತ ದೊಡ್ಡ ನಷ್ಟ ನನ್ನ ಮಗಳಿಗೆ ಆಯಿತು. ಅದನ್ನೂ ಮುಂದೆ ಹೇಳುತ್ತೇನೆ.

ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಒಂದು ಸಣ್ಣ ಕಾಫಿ ತೋಟ. ಮನೆ ಅಜ್ಜನ ಕಾಲದ್ದು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳು. ರೂಟರ್ ಮುಂದಿನ ಜಗಲಿಯ ಪಕ್ಕದ ಕೋಣೆಯಲ್ಲಿದೆ, ಮಗಳ ಕೋಣೆ ಹಿಂದುಗಡೆ ಇದೆ, ಅದರಾಚೆಗೆ ಕಾಫಿ ಒಣಗಿಸುವ ಕಣ. ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದಾಗ ಕಣದಲ್ಲಿ ಹರಡಿದ ಕಾಫಿಯನ್ನು ರಾತ್ರಿ ಕಾಯುವುದು ಕಷ್ಟವಾಗಿ, ಪೇಟೆಯ ಒಬ್ಬ ತಂತ್ರಜ್ಞರಿಂದ ನಾಲ್ಕು ವೈಫೈ ಸಿಸಿ ಕ್ಯಾಮೆರಾಗಳನ್ನು ಹಾಕಿಸಿದೆವು. ದೃಶ್ಯಗಳು ಇಪ್ಪತ್ನಾಲ್ಕು ಗಂಟೆಯೂ ಇಂಟರ್‌ನೆಟ್ ಮೂಲಕ ಕ್ಯಾಮೆರಾ ಕಂಪನಿಯ ಸರ್ವರಿಗೆ ಹೋಗಿ ಸೇರುವ ವ್ಯವಸ್ಥೆ ಅದು. ಮಗಳ ಕರೆಗಳು ತುಂಡಾಗಲು ಶುರುವಾದದ್ದೂ ಅದೇ ವಾರದಲ್ಲಿ. ಆದರೆ ಕಣದ ಕ್ಯಾಮೆರಾಗೂ ಕೋಣೆಯೊಳಗಿನ ಕರೆಗೂ ಸಂಬಂಧವಿರಬಹುದೆಂದು ನಮಗೂ ಹೊಳೆಯಲಿಲ್ಲ, ಕ್ಯಾಮೆರಾ ಹಾಕಿದವರಿಗೂ ಹೊಳೆಯಲಿಲ್ಲ.

ಕರೆದಾಗ ಅವರು ಬಂದರು, ಬರಲಿಲ್ಲವೆಂದು ದೂರುವ ಹಾಗಿಲ್ಲ. ರೂಟರ್ ಪಕ್ಕದಲ್ಲಿಯೇ ನಿಂತು ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, 38 ಎಂಬಿಪಿಎಸ್ ಎಂದು ತೋರಿಸಿ, “ಸ್ಪೀಡ್ ಬರ್ತಾ ಇದೆಯಲ್ಲ ಸಾರ್, ನಿಮ್ಮ ಗೋಡೆ ದಪ್ಪ, ಅದಕ್ಕೇ ಹಿಂದಿನ ರೂಮಿಗೆ ಸಿಗ್ನಲ್ ಬರೋದಿಲ್ಲ” ಎಂದರು. ಗೋಡೆ ದಪ್ಪವಿರುವುದು ನಿಜವಾದ್ದರಿಂದ ನಾನು ನಂಬಿದೆ. ಬೂಸ್ಟರ್ ತಂದು ಮಗಳ ಕೋಣೆಯ ಗೋಡೆಯ ಪ್ಲಗ್ಗಿಗೇ ಸಿಕ್ಕಿಸಿದರು. ಫೋನಿನಲ್ಲಿ ಒಂದು ಗೆರೆ ಇದ್ದದ್ದು ಪೂರ್ತಿ ತುಂಬಿಕೊಂಡಿತು. ಆ ಗೆರೆಗಳು ತೋರಿಸುವುದು ಫೋನಿಗೂ ಬೂಸ್ಟರಿಗೂ ಇರುವ ನಂಟನ್ನು ಮಾತ್ರ, ಬೂಸ್ಟರಿಗೂ ರೂಟರಿಗೂ ಇರುವ ನಂಟನ್ನಲ್ಲ ಎಂಬುದು ಅಂದು ನನಗೆ ತಿಳಿದಿರಲಿಲ್ಲ. ಸಿಗ್ನಲ್ ಸರಿಯಾಗಿ ತಲುಪದ ಜಾಗದಲ್ಲಿಯೇ ಬೂಸ್ಟರ್ ಇಟ್ಟರೆ, ಅದಕ್ಕೂ ತಲುಪುವುದು ಆ ಸೊರಗಿದ ಸಿಗ್ನಲ್ಲೇ.

ತೊಂದರೆ ಹೆಚ್ಚಾದಾಗ ಪ್ಲ್ಯಾನ್ ಚಿಕ್ಕದಾಯಿತು ಎಂದರು. 40 ಎಂಬಿಪಿಎಸ್‌ನಿಂದ 100ಕ್ಕೆ ಏರಿಸಿದೆವು. ಏರಿದ್ದು ಡೌನ್‌ಲೋಡ್ ಮಾತ್ರ, ನಮ್ಮ ಲೈನಿನ ಅಪ್‌ಲೋಡ್ ಹಿಂದೆಯೂ 10, ಆಮೇಲೂ 10. ರಸೀದಿಯಲ್ಲಿ ಅಪ್‌ಲೋಡಿನ ಮಾತೇ ಇರಲಿಲ್ಲ, ನಾವೂ ಕೇಳಲಿಲ್ಲ. ಪ್ಲ್ಯಾನ್ ಬದಲಿಸುವವರು ಆ ಎರಡನೆಯ ಅಂಕಿಯನ್ನು ಬಾಯಿಬಿಟ್ಟು ಕೇಳಲೇಬೇಕು.

ಫೆಬ್ರವರಿಯಲ್ಲಿ ಮಗಳಿಗೆ ಬೆಂಗಳೂರಿನ ಒಂದು ಕಂಪನಿಯ ಎರಡನೆಯ ಸುತ್ತಿನ ಸಂದರ್ಶನವಿತ್ತು. ಬಾಗಿಲಾಚೆ ನಿಂತಿದ್ದ ನನಗೆ ಅವಳ ಉತ್ತರಗಳು ಸ್ಪಷ್ಟವಾಗಿ ಕೇಳಿಸುತ್ತಿದ್ದವು, ಆ ಕಡೆಯವರಿಗೆ ಮಾತ್ರ ಕೇಳಿಸುತ್ತಿರಲಿಲ್ಲ. ಅವಳು ಉತ್ತರ ಶುರು ಮಾಡುವ ಹೊತ್ತಿಗೆ ಅವರು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಿದ್ದರು, ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಿದ್ದರು. ಹದಿನೈದು ನಿಮಿಷಕ್ಕೆ ಅವರು ಕರೆ ಮುಗಿಸಿದರು. “ಅಪ್ಪಾ, ನನಗೆ ಎಲ್ಲಾ ಗೊತ್ತಿತ್ತು” ಎಂದು ಅವಳು ಹೊರಗೆ ಬಂದು ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಮೂರನೆಯ ಸುತ್ತಿಗೆ ಕರೆ ಬರಲಿಲ್ಲ.

ಆ ತಿಂಗಳ ಕೊನೆಗೆ ಮೈಸೂರಿನಲ್ಲಿ ನೆಟ್‌ವರ್ಕ್ ಕೆಲಸ ಮಾಡುವ ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ನಾನು ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: “ಮಾವ, ಯಾರಾದರೂ ರೂಟರ್‌ಗೇ ಪಿಂಗ್ ಮಾಡಿ ನೋಡಿದ್ರಾ?” ಯಾರೂ ನೋಡಿರಲಿಲ್ಲ. ಅವನು ಮಾಡಿದ್ದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ ಮತ್ತು ಕಂಪ್ಯೂಟರ್ ಕಲಿಯದ ನನ್ನಂಥವರೂ ಮಾಡಬಹುದು.

ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ಎರಡು ಸಲ ತೆರೆದು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಮೊದಲನೆಯದರಲ್ಲಿ ಪಿಂಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ರೂಟರಿನ ವಿಳಾಸ, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ ಹಾಗೂ ಅದಕ್ಕೆ ಅಂಟಿದಂತೆ ಟಿ ಅಕ್ಷರ (-t). ರೂಟರಿನ ವಿಳಾಸ ಅನೇಕ ಮನೆಗಳಲ್ಲಿ 192.168.1.1 ಅಥವಾ 192.168.0.1 ಆಗಿರುತ್ತದೆ, ಸಾಮಾನ್ಯವಾಗಿ ಅದರ ತಳದ ಚೀಟಿಯಲ್ಲಿ ಬರೆದಿರುತ್ತದೆ. ಎರಡನೆಯ ಕಿಟಕಿಯಲ್ಲಿ ಹಾಗೆಯೇ ಬರೆದು, ವಿಳಾಸದ ಜಾಗದಲ್ಲಿ 8.8.8.8 ಎಂದು ಹಾಕಬೇಕು, ಅದು ಮನೆಯ ಹೊರಗಿನದು, ಗೂಗಲ್ ಸಂಸ್ಥೆಯ ಸರ್ವರ್. ಲ್ಯಾಪ್‌ಟಾಪ್ ಸೆಕೆಂಡಿಗೊಂದು ಸಣ್ಣ ಸಂದೇಶ ಕಳಿಸಿ, ಅದು ಹೋಗಿ ಬರಲು ಹಿಡಿದ ಹೊತ್ತನ್ನು ಮಿಲಿಸೆಕೆಂಡ್‌ಗಳಲ್ಲಿ ತೋರಿಸುತ್ತಾ ಹೋಗುತ್ತದೆ. ಮೊದಲನೆಯ ಕಿಟಕಿಯಲ್ಲಿಯೇ ಅಂಕಿ ಏರಿಳಿದರೆ ದೋಷ ಮನೆಯೊಳಗಿನ ವೈಫೈಯಲ್ಲಿದೆ. ಮೊದಲನೆಯದು ನೆಟ್ಟಗಿದ್ದು ಎರಡನೆಯದು ಏರಿದರೆ ದೋಷ ರೂಟರಿನಿಂದ ಆಚೆಗೆ, ಅಥವಾ ರೂಟರಿನ ಬಾಗಿಲಲ್ಲಿ ಇದೆ.

ಮಗಳ ಕೋಣೆಯಿಂದ ರೂಟರಿಗೆ ಮಾಡಿದಾಗ ಬಂದ ಅಂಕಿಗಳು 4, 7, 212, 5, 640, ಆಮೇಲೆ ಉತ್ತರವೇ ಇಲ್ಲ, ಮತ್ತೆ 318. ಒಂದೇ ಮನೆಯ ಒಂದು ಕೋಣೆಯಿಂದ ಇನ್ನೊಂದಕ್ಕೆ ಅರ್ಧ ಸೆಕೆಂಡಿಗೂ ಹೆಚ್ಚು. ಮಾತುಕತೆ ಸಹಜವಾಗಿರಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿರುವುದು ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ನಮ್ಮದು ಗೋಡೆ ದಾಟುವಷ್ಟರಲ್ಲಿಯೇ ಆ ಮಿತಿ ಮೀರುತ್ತಿತ್ತು. ಆಮೇಲೆ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರ ರೂಟರಿಗೆ ಸೇರಿಸಿದ. ಮೊದಲನೆಯ ಕಿಟಕಿ 1ರಲ್ಲಿ ನಿಂತಿತು, ಎರಡನೆಯದರಲ್ಲಿ ಮಾತ್ರ 400, 700, 900. ಎಂದರೆ ನಮಗಿದ್ದದ್ದು ಒಂದಲ್ಲ, ಎರಡು ದೋಷಗಳು. ಅವನು ಕಣದ ಕಡೆಗೆ ಹೋಗಿ ನಾಲ್ಕೂ ಕ್ಯಾಮೆರಾಗಳ ಅಡಾಪ್ಟರ್ ಕಿತ್ತ. ನಾನು ಪರದೆ ನೋಡುತ್ತಿದ್ದೆ. 870, 510, 26, 24, 25, 24. ಮತ್ತೆ ಏರಲೇ ಇಲ್ಲ.

ಹೊರಗಿನ ದೋಷದ ಲೆಕ್ಕ ಸುಲಭ. ಒಂದೊಂದು ಕ್ಯಾಮೆರಾ ಸುಮಾರು 2 ಎಂಬಿಪಿಎಸ್‌ನಂತೆ ದಿನವಿಡೀ ಅಪ್‌ಲೋಡ್ ಮಾಡುತ್ತಿತ್ತು, ನಾಲ್ಕಕ್ಕೆ 8. ಉಳಿದದ್ದು 2. ಮಗಳ ವಿಡಿಯೊ ಕರೆಗೇ ಅಷ್ಟು ಬೇಕು, ಅದರ ನಡುವೆ ಯಾರದೋ ಫೋನ್ ಫೋಟೊಗಳ ಬ್ಯಾಕಪ್ ಶುರುಮಾಡಿದರೆ ಲೈನ್ ತುಂಬಿಹೋಯಿತು. ತುಂಬಿದಾಗ ರೂಟರ್ ಹೆಚ್ಚಾದದ್ದನ್ನು ಕೂಡಲೇ ಚೆಲ್ಲುವುದಿಲ್ಲ, ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಸಾಲಿನಲ್ಲಿ ಒಂದು ಮೆಗಾಬೈಟ್ ನಿಂತಿದೆಯೆಂದರೆ ಅದು 80 ಲಕ್ಷ ಬಿಟ್, 10 ಎಂಬಿಪಿಎಸ್, ಎಂದರೆ ಸೆಕೆಂಡಿಗೆ ಒಂದು ಕೋಟಿ ಬಿಟ್ ಹೋಗುವ ಲೈನಿನಲ್ಲಿ ಅದು ಕರಗಲು 0.8 ಸೆಕೆಂಡ್ ಬೇಕು. ಮಗಳ ಮಾತು ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತಿತ್ತು. ಈ ದೋಷಕ್ಕೆ ಬಫರ್‌ಬ್ಲೋಟ್ ಎಂಬ ಹೆಸರಿದೆ. ಸಾಲು ಖಾಲಿ ಇರುವಾಗ ಮಾಡಿದ ಪಿಂಗ್‌ನಲ್ಲಿ ಇದು ಕಾಣಿಸುವುದೇ ಇಲ್ಲ, ಡೌನ್‌ಲೋಡಿನ ದೊಡ್ಡ ಅಂಕಿ ನೋಡಿ ಹೋಗುವವರಿಗಂತೂ ಕಾಣಿಸುವ ದಾರಿಯೇ ಇಲ್ಲ.

ಒಳಗಿನ ದೋಷಕ್ಕೆ ಬೂಸ್ಟರೇ ಅರ್ಧ ಕಾರಣ. ವೈಫೈಯಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತಾಡಬಹುದು, ಉಳಿದವರು ಕಾಯಬೇಕು. 1,500 ಬೈಟ್‌ನ ಒಂದು ಪೊಟ್ಟಣ (ಪ್ಯಾಕೆಟ್) 72 ಎಂಬಿಪಿಎಸ್ ದರದಲ್ಲಿ ಗಾಳಿಯಲ್ಲಿ ಹಿಡಿಯುವ ಹೊತ್ತು ಒಂದು ಮಿಲಿಸೆಕೆಂಡಿನ ಐದನೇ ಒಂದು ಭಾಗದಷ್ಟೂ ಇಲ್ಲ. ದೂರದ, ಸಿಗ್ನಲ್ ಸೊರಗಿದ ಸಾಧನ 1 ಎಂಬಿಪಿಎಸ್‌ಗೆ ಇಳಿದರೆ ಅದೇ ಪೊಟ್ಟಣಕ್ಕೆ 12 ಮಿಲಿಸೆಕೆಂಡ್ ಬೇಕು. ನಮ್ಮ ನಾಲ್ಕನೆಯ ಕ್ಯಾಮೆರಾ, ಕಣದ ಆಚೆ ಸಿಲ್ವರ್ ಓಕ್ ಮರದ ಬುಡದ ಕಂಬದಲ್ಲಿರುವುದು, ಹೀಗೆಯೇ ಎಳೆದಾಡುತ್ತಿತ್ತು. ಬೂಸ್ಟರ್ ಹಾಕಿದ ಮೇಲೆ ಕ್ಯಾಮೆರಾಗಳೆಲ್ಲ ಅದಕ್ಕೇ ಅಂಟಿಕೊಂಡವು. ನಮ್ಮ ಬೂಸ್ಟರ್ 2.4 ಗಿಗಾಹರ್ಟ್ಸ್‌ನದು ಮಾತ್ರ, ಕೇಳಿಸಿಕೊಂಡದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುತ್ತದೆ. ಪ್ರತಿ ಪೊಟ್ಟಣವೂ ಗಾಳಿಯಲ್ಲಿ ಎರಡು ಸಲ ಹೋಗಬೇಕಾಯಿತು. ಅಲ್ಲದೆ ಅದುವರೆಗೆ ಸರಿಯಾಗಿ ಕಳಿಸಲಾಗದಿದ್ದ ನಾಲ್ಕನೆಯ ಕ್ಯಾಮೆರಾ ಪೂರ್ತಿ 2 ಎಂಬಿಪಿಎಸ್ ಕಳಿಸತೊಡಗಿ ಅಪ್‌ಲೋಡನ್ನೂ ತುಂಬಿತು. ನಾವು ದುಡ್ಡು ಕೊಟ್ಟು ತೊಂದರೆಯನ್ನು ಬೆಳೆಸಿದ್ದು ಹೀಗೆ.

ಆ ಮೂರು ತಿಂಗಳಲ್ಲಿ ಸಿಕ್ಕ ಸಲಹೆಗಳ ಬಗ್ಗೆಯೂ ಹೇಳಬೇಕು. ಚಾನೆಲ್ ಬದಲಿಸಿ ಎಂದು ಹಲವರು ಹೇಳಿದರು. ಮಡಿಕೇರಿ, ಕುಶಾಲನಗರದಂಥ ಊರಿನ ಒತ್ತೊತ್ತಾದ ಮನೆಗಳಲ್ಲಿ ಅದು ಸರಿಯಾದ ಸಲಹೆ, 1, 6, 11 ಇವುಗಳಲ್ಲಿ ನೆರೆಯವರು ಕಡಿಮೆ ಇರುವುದನ್ನು ಆರಿಸಿಕೊಳ್ಳಬಹುದು. ಆದರೆ ತೋಟದ ಮನೆಯಲ್ಲಿ ನೆರೆಯ ವೈಫೈ ಎಂಬುದೇ ಇಲ್ಲ. ಮಳೆ, ಮಂಜಿನಿಂದ ಹೀಗಾಗುತ್ತದೆ ಎಂದೂ ಹೇಳಿದರು. ಮಳೆಗಾಲದಲ್ಲಿ ಮರ ಬಿದ್ದು ಕಂಬದ ಮೇಲಿನ ಫೈಬರ್ ಕಡಿದರೆ ಸಂಪರ್ಕವೇ ಹೋಗುತ್ತದೆ, ಫೈಬರ್ ಬಂದು ಸೇರುವ ಕಂಪನಿಯ ಡಬ್ಬಿಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಉರಿಯುತ್ತದೆ. ಅದು ಬೇರೆ ಕಾಯಿಲೆ, ಇದು ಬೇರೆ ಕಾಯಿಲೆ.

ಸರಿಪಡಿಸುವಾಗಲೂ ನಾನು ಒಂದು ತಪ್ಪು ಮಾಡಿದೆ, ಮಲೆನಾಡಿನವರು ಇದನ್ನು ಗಮನಿಸಬೇಕು. ಇಂಟರ್‌ನೆಟ್‌ಗೆ ಕಳಿಸುವುದನ್ನು ನಿಲ್ಲಿಸಿ, ಮನೆಯಲ್ಲಿಯೇ ಹಾರ್ಡ್ ಡಿಸ್ಕ್ ಇರುವ ರೆಕಾರ್ಡರಿನಲ್ಲಿ ದೃಶ್ಯ ಉಳಿಸುವಂತೆ ಮಾಡಿ, ಲ್ಯಾನ್ ಕೇಬಲ್ ಜೋಡಿಸಬಹುದಾದ ಕ್ಯಾಮೆರಾಗಳನ್ನು ಹಾಕಿಸಿದೆವು. ಕಣದ ಪಕ್ಕದ ಗೋದಾಮಿಗೆ ಅರವತ್ತು ಮೀಟರ್ ತಾಮ್ರದ ಲ್ಯಾನ್ ಕೇಬಲನ್ನು ಬೇಲಿಯುದ್ದಕ್ಕೂ ಎಳೆಸಿದೆ. ಲ್ಯಾನ್ ಕೇಬಲಿಗಿರುವ ನೂರು ಮೀಟರಿನ ಮಿತಿಯೊಳಗಿದೆ ಎಂಬ ಸಮಾಧಾನ ನನಗಿತ್ತು. ಅಕ್ಕನ ಮಗ ಫೈಬರ್ ಹಾಕಿಸಿ ಎಂದಿದ್ದ, ತಾಮ್ರ ಅಗ್ಗವೆಂದು ನಾನೇ ಕೇಳಲಿಲ್ಲ. ಏಪ್ರಿಲ್‌ನ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿಯಿತು. ಮನೆಗೆ ಬಡಿಯಲಿಲ್ಲ, ಆದರೂ ಆ ಉದ್ದದ ತಾಮ್ರದಲ್ಲಿ ಹುಟ್ಟಿದ ವಿದ್ಯುತ್ತು ಗೋದಾಮಿನ ನೆಟ್‌ವರ್ಕ್ ಸ್ವಿಚ್ಚನ್ನೂ ಮನೆಯ ರೂಟರಿನ ಪೋರ್ಟನ್ನೂ ಸುಟ್ಟಿತು. ಪೋರ್ಟಿನ ಸುತ್ತ ಪ್ಲಾಸ್ಟಿಕ್ ಕಂದಾಗಿ, ಎರಡು ದಿನ ಕೋಣೆಯಲ್ಲಿ ಸುಟ್ಟ ವಾಸನೆ ಇತ್ತು. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಈಗ ಎರಡು ಕಟ್ಟಡಗಳ ನಡುವೆ ಲೋಹದ ತಂತಿಯಿಲ್ಲದ ಫೈಬರ್ ಇದೆ, ಎರಡು ತುದಿಗೂ ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್. ತೋಟದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ತಾಮ್ರ ಎಳೆಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮನೆಯೊಳಗೆ ಬೂಸ್ಟರ್ ತೆಗೆದು, ಮಗಳ ಕೋಣೆಗೆ ಅಟ್ಟದ ಮೇಲಿಂದ ಕೇಬಲ್ ತಂದು ಅಲ್ಲೊಂದು ಆಕ್ಸೆಸ್ ಪಾಯಿಂಟ್, ಎಂದರೆ ಕೇಬಲಿನಿಂದ ಬಂದದ್ದನ್ನು ವೈಫೈ ಮಾಡಿ ಕೊಡುವ ಸಾಧನ, ಕೂರಿಸಿದೆವು. ಗೋಡೆಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಅವಳ ಲ್ಯಾಪ್‌ಟಾಪ್ ಈಗ 5 ಗಿಗಾಹರ್ಟ್ಸ್‌ನಲ್ಲಿದೆ.

ಸುಟ್ಟ ರೂಟರಿನ ಜಾಗಕ್ಕೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ತಂತ್ರಾಂಶ ಹಾಕಬಹುದಾದ ರೂಟರನ್ನು ಅಕ್ಕನ ಮಗನೇ ಆರಿಸಿಕೊಟ್ಟ. ಅದರಲ್ಲಿ ಎಸ್‌ಕ್ಯೂಎಂ ಎಂಬ, ಸಾಲನ್ನು ನಿಭಾಯಿಸುವ ವ್ಯವಸ್ಥೆಯಿದೆ. ನಮ್ಮ 10 ಎಂಬಿಪಿಎಸ್ ಅಪ್‌ಲೋಡಿಗೆ ಅವನು ಅಲ್ಲಿ 8.5 ಎಂದು ಮಿತಿ ಬರೆದ. ಇರುವುದನ್ನೇ ಕಡಿಮೆ ಮಾಡುವುದೇಕೆ ಎಂದು ನಾನು ಕೇಳಿದೆ. ಸಾಲು ಕಂಪನಿಯ ಡಬ್ಬಿಯಲ್ಲಿ ಬೆಳೆಯುವ ಬದಲು ನಮ್ಮ ರೂಟರಿನ ಕೈಯಲ್ಲಿಯೇ ಇರಲಿ ಎಂಬುದಕ್ಕೆ ಹಾಗೆ. ಎಫ್‌ಕ್ಯೂ-ಕೋಡೆಲ್ ಎಂಬ ವಿಧಾನ, 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾದದ್ದು, ಪ್ರತಿ ಹರಿವನ್ನೂ ಬೇರೆ ಸಾಲಿನಲ್ಲಿ ನಿಲ್ಲಿಸಿ ಸರದಿಯಂತೆ ಬಿಡುತ್ತದೆ. ಒಂದು ಸಾಲಿನ ಕಾಯುವಿಕೆ 5 ಮಿಲಿಸೆಕೆಂಡ್ ಮೀರಿ ಮುಂದುವರಿಯುತ್ತಲೇ ಇದ್ದರೆ ಅಲ್ಲಿಂದ ಕೆಲವು ಪೊಟ್ಟಣಗಳನ್ನು ಚೆಲ್ಲಿ, ಕಳಿಸುವವರಿಗೆ ನಿಧಾನಿಸುವ ಸೂಚನೆ ಕೊಡುತ್ತದೆ. ಮಗಳ ಮಾತು ಫೋಟೊಗಳ ಹಿಂದೆ ನಿಲ್ಲಬೇಕಾಗಿಲ್ಲ. ಬ್ಯಾಕಪ್ ಜೋರಾಗಿ ನಡೆಯುತ್ತಿರುವಾಗಲೇ 8.8.8.8ಕ್ಕೆ ಪಿಂಗ್ ಮಾಡಿದೆವು: 27, 31, 29, 34.

ಮಗಳಿಗೆ ಜೂನ್‌ನಲ್ಲಿ ಬೇರೊಂದು ಕಂಪನಿಯಲ್ಲಿ ಕೆಲಸವಾಯಿತು, ಮೂರೂ ಸುತ್ತು ಅದೇ ಕೋಣೆಯಿಂದ.

ಬೂಸ್ಟರ್ ನಮ್ಮ ಬೀರುವಿನಲ್ಲಿದೆ. ಹೋದ ವಾರ ಪಕ್ಕದ ತೋಟದವರು ಅರ್ಧ ಬೆಲೆಗೆ ಕೊಡುತ್ತೀರಾ ಎಂದು ಕೇಳಿಕೊಂಡು ಬಂದಾಗ, ಕೊಡುವ ಮೊದಲು ನಾನು ಲ್ಯಾಪ್‌ಟಾಪ್ ಹಿಡಿದು ಅವರ ಮನೆಗೆ ಹೋದೆ. ರೂಟರಿಗೆ 2, 3, 2. ಹೊರಗೆ 300ರಿಂದ 450. ಮನೆಯ ಸಾಧನಗಳನ್ನೆಲ್ಲ ಆಫ್ ಮಾಡಿ, ಕೇಬಲ್ ಹಾಕಿ ನೋಡಿದರೂ ಅಷ್ಟೇ. ಅವರ ದೋಷ ಲೈನಿನಲ್ಲೇ ಇತ್ತು. ಎರಡೂ ಕಿಟಕಿಗಳ ಚಿತ್ರ ತೆಗೆದು, ದಿನಾಂಕ, ಹೊತ್ತು ಬರೆದು ಅವರ ಕಂಪನಿಗೆ ದೂರು ಕಳಿಸಿದೆವು. ನಾಲ್ಕನೆಯ ದಿನ ಲೈನ್‌ಮನ್ ಬಂದು ಗೇಟಿನ ಬಳಿಯ ಕಂಬದಲ್ಲಿದ್ದ ಫೈಬರ್ ಜೋಡಣೆಯನ್ನು ಬಿಚ್ಚಿ ಹೊಸದಾಗಿ ಮಾಡಿಕೊಟ್ಟು ಹೋದರು.