ವಾಲ್ಥರ್ ಎಲ್‌ಜಿ400 ಆಲುಟೆಕ್: ಗುರಿಗೆ ದೂರಿಲ್ಲ, ಗಾಳಿಗೇ ಪರದಾಟ

ಜರ್ಮನಿಯ ಉಲ್ಮ್ ಊರಿನ ವಾಲ್ಥರ್ ಕಂಪನಿಯ ಈ 4.5 ಮಿ.ಮೀ. ಏರ್ ರೈಫಲ್ ಹತ್ತು ಮೀಟರ್ ಸ್ಪರ್ಧೆಗೆಂದೇ ಮಾಡಿದ್ದು. ಕೊಳ್ಳಲು ಹೊರಟವರೆಲ್ಲ ಮೊದಲು ವಿಚಾರಿಸುವುದು ಗ್ರೂಪಿಂಗ್ ಹೇಗಿದೆ, ಅಂದರೆ ಗುಂಡುಗಳು ಎಷ್ಟು ಒತ್ತಾಗಿ ಒಂದೇ ಕಡೆ ಬೀಳುತ್ತವೆ ಅಂತ. ಈ ದರ್ಜೆಯ ಯಾವ ರೈಫಲ್ ಆದರೂ ಹೊಡೆಯುವವನಿಗಿಂತ ಚೆನ್ನಾಗಿಯೇ ಹೊಡೆಯುತ್ತದೆ. ದಾವಣಗೆರೆಯಲ್ಲಿ ಕೂತು ಕೊಳ್ಳುವವರು ಮೊದಲು ಯೋಚಿಸಬೇಕಾದದ್ದು ಬೇರೆ: ಗುಂಡು ತಳ್ಳುವ ಗಾಳಿ ತುಂಬಿಡುವ ರೈಫಲ್ಲಿನ ಸಿಲಿಂಡರಿಗೆ 200 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಒಣಗಾಳಿ ಎಲ್ಲಿಂದ ತರುತ್ತೀರಿ?

ಮೊದಲು ಪೆಟ್ಟಿಗೆ ಬಿಚ್ಚಿದಾಗಿನ ಕೆಲಸ. ಬ್ಯಾರೆಲ್ ಒಳಗೆ ತುಕ್ಕು ಹಿಡಿಯದಂತೆ ಹಚ್ಚಿದ ಎಣ್ಣೆ ಇರುತ್ತದೆ. ಅದನ್ನು ತೆಗೆಯದೆ ಹೊಡೆದರೆ ಮೊದಲ ಗುಂಡುಗಳು ಎಲ್ಲೆಲ್ಲೋ ಬೀಳುತ್ತವೆ, ಸೈಟ್ (ಗುರಿ ನೋಡುವ ಸಾಧನ) ಸರಿಯಿಲ್ಲ ಅಂತ ಅದರ ಮೇಲೆ ತಪ್ಪು ಹೊರಿಸಿ ಅದರ ತಿರುಪನ್ನು ಕ್ಲಿಕ್ ಕ್ಲಿಕ್ ಅಂತ ತಿರುಗಿಸುತ್ತಾ ಕೂರಬೇಕಾಗುತ್ತದೆ. ಒಣಬಟ್ಟೆ ಕಟ್ಟಿದ ದಾರವನ್ನು ಬ್ರೀಚ್ (ಗುಂಡು ಹಾಕುವ ಹಿಂತುದಿ) ಕಡೆಯಿಂದ ಬಾಯಿಯ ಕಡೆಗೆ ಎಳೆಯಿರಿ, ಬಟ್ಟೆ ಬೆಳ್ಳಗೆ ಬರುವ ತನಕ. ತಿರುಗಾ ದಿಕ್ಕಿನಲ್ಲಿ ಎಳೆದರೆ ಕೊಳೆಯೆಲ್ಲ ಲೋಡಿಂಗ್ ಜಾಗಕ್ಕೇ ಬಂದು ಸೇರುತ್ತದೆ. ಆಮೇಲೂ ಇಪ್ಪತ್ತು ಮೂವತ್ತು ಪೆಲೆಟ್ (ಸೀಸದ ಗುಂಡು) ಹೊಡೆದ ಮೇಲೆಯೇ ಬ್ಯಾರೆಲ್ ಹದಕ್ಕೆ ಬರುವುದು. ಅಲ್ಲಿಯವರೆಗೆ ಸ್ಕೋರ್ ಬರೆಯಲೇಬೇಡಿ. ಹಿಂದಿನ ಡಯಾಪ್ಟರ್ (ಸಣ್ಣ ತೂತಿನ ಸೈಟ್), ಮುಂದಿನ ಸೈಟ್, ಭುಜಕ್ಕೆ ಒತ್ತುವ ಬಟ್ ಪ್ಲೇಟ್ ಇವುಗಳ ಸ್ಕ್ರೂಗಳನ್ನು ಅಲೆನ್ ಕೀಯಿಂದ ಒಮ್ಮೆ ನೋಡಿಕೊಳ್ಳಿ. ದೂರದಿಂದ ಬಂದ ಪೆಟ್ಟಿಗೆಯಲ್ಲಿ ಒಂದಾದರೂ ಸಡಿಲ ಇದ್ದೇ ಇರುತ್ತದೆ.

ಇನ್ನು ಗಾಳಿ. ದೊಡ್ಡ ಡೈವಿಂಗ್ ಟ್ಯಾಂಕ್ ಇಟ್ಟುಕೊಂಡರೆ ಅದನ್ನು ತುಂಬಿಸಲು ಒಳ್ಳೆಯ ಕಂಪ್ರೆಸರ್ ಇರುವ ಕಡೆ ಹೊತ್ತು ತಿರುಗಬೇಕು. ಬೇಡವೆಂದರೆ ಕೈಪಂಪು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಆಸುಪಾಸಿನದು, ಇದಕ್ಕೆ ಸಾಲದು. ವೆಲ್ಡಿಂಗ್ ಶಾಪಿನ ಆಮ್ಲಜನಕದ ಸಿಲಿಂಡರಿನಿಂದ ತುಂಬಿಸೋಣ ಎನ್ನುವ ಮಾತು ಆಗಾಗ ಕೇಳಿಬರುತ್ತದೆ. ಖಂಡಿತ ಕೂಡದು. ಹೆಚ್ಚು ಒತ್ತಡದ ಆಮ್ಲಜನಕಕ್ಕೆ ಒಳಗಿನ ಗ್ರೀಸ್ ತಾಗಿದರೆ ಹೊತ್ತಿಕೊಂಡು ಸಿಡಿಯುತ್ತದೆ.

ಟ್ಯಾಂಕಿನಿಂದ ತುಂಬಿಸುವಾಗ ಮೊದಲು ಅಡಾಪ್ಟರಿನ ಒ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಒರೆಸಿ. ಬಿಸಿಲುಗಾಲದಲ್ಲಿ ನಮ್ಮ ಊರಿನ ಧೂಳು ಎಲ್ಲಿ ಕೂರುವುದಿಲ್ಲ ಹೇಳಿ? ಒಂದು ಕಣ ಸಿಕ್ಕಿಕೊಂಡರೂ ಸೊಯ್ಯ್ ಅಂತ ಗಾಳಿ ಸೋರುತ್ತದೆ, ಕೆಲವರು ಅದಕ್ಕೆ ಇಕ್ಕಳ ಹಾಕಿ ಬಿಗಿದು ಥ್ರೆಡ್ಡನ್ನೇ ಕೆಡಿಸುತ್ತಾರೆ. ಕೈಯಲ್ಲಿ ಬಿಗಿದಷ್ಟೇ ಸಾಕು. ವಾಲ್ವನ್ನು ಎಳೆ ಎಳೆಯಾಗಿ ತೆರೆಯಿರಿ. ಗಾಳಿ ಧಡಕ್ಕನೆ ನುಗ್ಗಿದರೆ ಸಿಲಿಂಡರ್ ಬಿಸಿಯಾಗುತ್ತದೆ. 45 ಡಿಗ್ರಿಯಲ್ಲಿ 200 ತೋರಿಸಿದ ಮೀಟರ್ 30ಕ್ಕೆ ಆರಿದ ಮೇಲೆ 190ಕ್ಕೆ ಇಳಿದಿರುತ್ತದೆ, ಸೋರಿಕೆ ಇದೆ ಅಂತ ಗಾಬರಿ ಬೇರೆ. ತುಂಬಿದ ಮೇಲೆ ಟ್ಯಾಂಕಿನ ವಾಲ್ವ್ ಮುಚ್ಚಿ, ಉಳಿದ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ನಡುವಿನ ಒತ್ತಡ ಹೋದ ಮೇಲೆಯೇ ಸಿಲಿಂಡರ್ ಬಿಚ್ಚಬೇಕು. ಟ್ಯಾಂಕಿನಲ್ಲೇ 150 ಉಳಿದಿದ್ದರೆ ರೈಫಲ್ಲಿಗೂ 150 ಅಷ್ಟೇ ಸಿಗುವುದು. ಚಿಂತೆ ಬೇಡ, ಪ್ರತಿ ಗುಂಡಿಗೂ ಒಂದೇ ಒತ್ತಡ ಕೊಡುವ ಒಳಗಿನ ರೆಗ್ಯುಲೇಟರ್ ಅದಕ್ಕಿಂತ ತೀರಾ ಕಡಿಮೆ ಒತ್ತಡದಲ್ಲಿ ಕೆಲಸ ಮಾಡುವುದರಿಂದ ಒಂದು ಪಂದ್ಯ ಆರಾಮಾಗಿ ಮುಗಿಯುತ್ತದೆ. ಕೈಪಂಪಿನವರು ಐವತ್ತು ಬಾರ್‌ಗೊಮ್ಮೆ ನಿಲ್ಲಿಸಿ ಪಂಪಿನ ನೀರು ಹೊರಬಿಡಲಿ. ಮಳೆಗಾಲದ ತೇವ ಒಳಗೆ ಹೋದರೆ ಮೊದಲು ಕೆಡುವುದು ರೆಗ್ಯುಲೇಟರೇ.

ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ರೈಫಲ್ ಬಿಡುವುದು ಮಾತ್ರ ಬೇಡವೇ ಬೇಡ. 30 ಡಿಗ್ರಿಯಲ್ಲಿ 200 ಇದ್ದ ಒತ್ತಡ 60 ಡಿಗ್ರಿಗೆ ಸುಮಾರು 220 ಆಗುತ್ತದೆ.

ರೇಂಜಿನಲ್ಲಿ ಮೊದಲ ಕೆಲಸ ಸೈಟ್ ಕೂರಿಸುವುದು. ಹತ್ತು ಮೀಟರ್ ಟಾರ್ಗೆಟ್ಟಿನ ಕಪ್ಪು ವೃತ್ತ 30.5 ಮಿ.ಮೀ., ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿ.ಮೀ., ಒಂದು ರಿಂಗಿನಿಂದ ಇನ್ನೊಂದಕ್ಕೆ 2.5 ಮಿ.ಮೀ. ಅಂತರ. ಮರಳಿನ ಚೀಲದ ಮೇಲೆ ರೈಫಲ್ಲಿನ ಮುಂಭಾಗ ಇಟ್ಟು ಐದು ಗುಂಡು ಹೊಡೆಯಿರಿ, ಹತ್ತು ಕ್ಲಿಕ್ ತಿರುಗಿಸಿ ಮತ್ತೆ ಐದು. ಎರಡು ಗುಂಪುಗಳ ನಡುವಿನ ದೂರವನ್ನು ಹತ್ತರಿಂದ ಭಾಗಿಸಿದರೆ ನಿಮ್ಮ ಸೈಟಿನ ಒಂದು ಕ್ಲಿಕ್ ಎಷ್ಟು ಸರಿಯುತ್ತದೆ ಅಂತ ಗೊತ್ತಾಗುತ್ತದೆ. ಡಯಲ್ ಮೇಲಿನ ಗುರುತನ್ನು ನೋಡಿ ಮೋಸ ಹೋಗುವವರೇ ಹೆಚ್ಚು. ಗುಂಡು ಬಲಕ್ಕೆ ಬಿದ್ದರೆ ಬಲದ ಗುರುತಿನ ಕಡೆ ತಿರುಗಿಸು ಎನ್ನುವುದು ಜರ್ಮನ್ ರೂಢಿ. ಹೊಡೆದು ನೋಡಿಯೇ ನಂಬಿ. ಮುಂದಿನ ಸೈಟಿನೊಳಗಿನ ರಿಂಗ್ 3.8ರಿಂದ 4.2 ಮಿ.ಮೀ. ಒಳಗೆ ಇರಲಿ. ಕಪ್ಪಿನ ಸುತ್ತ ಬಿಳಿ ಅಂಚು ಚೆನ್ನಾಗಿ ಕಾಣಬೇಕು. ತೀರಾ ಸಣ್ಣ ರಿಂಗ್ ಹಾಕಿದರೆ ಕಣ್ಣು ಬೇಗ ದಣಿಯುತ್ತದೆ. ಟಾರ್ಗೆಟ್ಟಿನ ಮೇಲೆ ಕನಿಷ್ಠ 1500 ಲಕ್ಸ್ ಬೆಳಕು ಬೇಕು, ಕರೆಂಟ್ ಹೋಗಿ ಯುಪಿಎಸ್ ಬೆಳಕಿನಲ್ಲಿ ಹೊಡೆದ ಗುಂಪನ್ನು ರೈಫಲ್ಲಿನ ಲೆಕ್ಕಕ್ಕೆ ಹಾಕಬೇಡಿ.

ಪೆಲೆಟ್ ಬಗ್ಗೆ ಜಿಪುಣತನ ಮಾಡಿದರೆ ಇಷ್ಟು ದುಡ್ಡು ಕೊಟ್ಟದ್ದೂ ದಂಡ. ಸಪಾಟು ಮೂತಿಯ, 0.53 ಗ್ರಾಂ ತೂಕದ ಮ್ಯಾಚ್ ಪೆಲೆಟ್ಟೇ ಆಗಬೇಕು. ಒಂದೇ ಬ್ರ್ಯಾಂಡಿನಲ್ಲಿ 4.49, 4.50, 4.51 ತಲೆಯಳತೆಯವು ಸಿಗುತ್ತವೆ. ಮೂರರ ಒಂದೊಂದು ಡಬ್ಬಿ ತಂದು ಪ್ರತಿಯೊಂದರಲ್ಲೂ ಹತ್ತತ್ತು ಗುಂಡಿನ ಎರಡು ಗುಂಪು ಹೊಡೆದು ನೋಡಿ. ಡಬ್ಬಿ ಬದಲಿಸಿದ ಕೂಡಲೇ ಬಂದ ಗುಂಪನ್ನು ಬಿಟ್ಟುಬಿಡಿ. ಬೆರಳಲ್ಲಿ ಹಿಡಿದಾಗ ಕೆಳಗಿನ ಸ್ಕರ್ಟ್ ತುಸುವೇ ಜಜ್ಜಿದ್ದರೂ ಆ ಪೆಲೆಟ್ ಪಕ್ಕಕ್ಕೆ. ಎಲ್ಲವೂ ಸೀಸದವು ಎನ್ನುವುದು ನೆನಪಿರಲಿ: ಸೋಪು ಹಚ್ಚಿ ಕೈ ತೊಳೆಯದೆ ರೇಂಜಿನಿಂದ ನೇರ ಬೆಣ್ಣೆದೋಸೆಗೆ ಕೈ ಹಾಕುವುದು ಬೇಡ.

ಟ್ರಿಗರ್ ಈ ರೈಫಲ್ಲಿನ ಜೀವಾಳ. ಎರಡು ಹಂತದ್ದು. ಮೊದಲ ಹಂತ ಹಗುರವಾಗಿ ಬಂದು ನಿಲ್ಲುತ್ತದೆ, ಎರಡನೆಯದು ಗಾಜಿನ ಕಡ್ಡಿ ಮುರಿದ ಹಾಗೆ ಬಿಡುತ್ತದೆ. ನೂರು ಗ್ರಾಂ ಆಸುಪಾಸಿಗೆ ಇಟ್ಟುಕೊಳ್ಳಬಹುದು. ಹೊಸಬರು ಇದನ್ನು ಇನ್ನೂ ಹಗುರ ಮಾಡಲು ಹೋಗುತ್ತಾರೆ. ಎರಡೂ ಹಂತ ಕಲಸಿಹೋಗಿ ಗುರಿ ನಿಲ್ಲುವ ಮೊದಲೇ ಗುಂಡು ಹೋಗುತ್ತದೆ. ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೆ ತಿರುಗಿಸಬೇಡಿ, ತಿರುಗಿಸಿದ್ದನ್ನು ಬರೆದಿಡಿ.

ಸ್ಟಾಕ್ ಹೊಂದಿಸುವಾಗ ಕಣ್ಣು ಮುಚ್ಚಿ ಕೆನ್ನೆ ಇಟ್ಟು ಆಮೇಲೆ ಕಣ್ಣು ತೆರೆಯಿರಿ. ಡಯಾಪ್ಟರ್ ತೂತು ತಾನೇ ಎದುರಿಗೆ ಬಂದಿರಬೇಕು. ಕತ್ತು ಎಳೆದು ಹುಡುಕಬೇಕಾದರೆ ಕೆನ್ನೆ ಇಡುವ ಚೀಕ್‌ಪೀಸ್ ಎತ್ತರ ತಪ್ಪಿದೆ. ಕಣ್ಣಿಗೂ ಡಯಾಪ್ಟರಿಗೂ ಐದರಿಂದ ಹತ್ತು ಸೆಂ.ಮೀ. ಇರಲಿ. ತೂಕ ಸೇರಿಸುವ ಮುನ್ನ ತಕ್ಕಡಿಗೆ ಇಡಿ. ಪಂದ್ಯದಲ್ಲಿ 5.5 ಕೆ.ಜಿ. ಮೀರಿದರೆ ತಪಾಸಣೆಯಲ್ಲೇ ತಡೆಯುತ್ತಾರೆ.

ಗುಂಡುಗಳು ಮೇಲೆ-ಕೆಳಗೆ ಒಂದೇ ಗೆರೆಯಲ್ಲಿ ಬೀಳತೊಡಗಿದರೆ ಮೊದಲು ಸಿಲಿಂಡರಿನ ಮೀಟರ್ ನೋಡಿ. ಒತ್ತಡ ಸಾಕಷ್ಟಿದ್ದೂ ಹೀಗಾದರೆ ಕೆನ್ನೆಯ ಒತ್ತು ಬದಲಾಗುತ್ತಿದೆ. ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಗುಂಡು ಮಾತ್ರ ಪ್ರತಿ ಸಲವೂ ಮೇಲೆ ಬಿದ್ದರೆ ರೆಗ್ಯುಲೇಟರ್ ಒತ್ತಡ ನಿಧಾನವಾಗಿ ಏರುತ್ತಿದೆ ಅಂತ ಅರ್ಥ. ಅಡ್ಡಡ್ಡ ಹರಡಿದರೆ ಬಹುಪಾಲು ಟ್ರಿಗರ್ ಬೆರಳು ಅಥವಾ ರೈಫಲ್ ಓರೆಯಾಗಿ ಹಿಡಿದದ್ದೇ ಕಾರಣ. ಒಳಗಿನ ಸೀಲ್ ಬದಲಿಸುವ ಕೆಲಸ ಮನೆಯಲ್ಲಿ ಮಾಡುವುದಲ್ಲ, ಬಿಡಿಭಾಗಕ್ಕೆ ಕಾಯಬೇಕಾಗುತ್ತದೆ ಎನ್ನುವ ಅಂದಾಜಿನಲ್ಲೇ ಪಂದ್ಯದ ತಾರೀಕು ಲೆಕ್ಕ ಹಾಕಿ.

ಲೈಸೆನ್ಸ್ ಪ್ರಶ್ನೆಗೆ ಉತ್ತರ ಸರಳ. 4.5 ಮಿ.ಮೀ. ಮೀರದ, 20 ಜೌಲ್ ಒಳಗಿನ ಏರ್ ರೈಫಲ್ ಇಟ್ಟುಕೊಳ್ಳಲು 2016ರ ಶಸ್ತ್ರಾಸ್ತ್ರ ನಿಯಮಗಳಡಿ ಲೈಸೆನ್ಸ್ ಬೇಡ. ಈ ರೈಫಲ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊಡೆಯುವುದರಿಂದ ಏಳೂವರೆ ಜೌಲ್ ಸುತ್ತಮುತ್ತಲೇ ಇರುತ್ತದೆ. ಬಿಲ್ಲು ಮತ್ತು ಆಮದು ಕಾಗದದ ನಕಲು ಮಾತ್ರ ಪೆಟ್ಟಿಗೆಯಲ್ಲೇ ಇರಲಿ.

ಕೊಳ್ಳಬೇಕೇ? ಕ್ಲಬ್ಬಿನ ರೈಫಲ್ಲಿನಲ್ಲಿ ಆರು ತಿಂಗಳು ಹೊಡೆದು, 60 ಗುಂಡಿನ ಪಂದ್ಯಕ್ಕೆ ಇಳಿಯಲು ತಯಾರಿರುವವರಿಗೆ ಬೆಲೆಗೆ ತಕ್ಕ ಸಾಮಾನು. ಬೇಸಿಗೆ ರಜಕ್ಕೆ ಮಗನಿಗೊಂದು ಅಂತ ನೋಡುವವರಿಗೆ ಇದು ಲಕ್ಷಗಳ ದಂಡ. ದುಡ್ಡು ಕೊಡುವ ಮುನ್ನ ಸಿಲಿಂಡರಿನ ಮೇಲೆ ಕೆತ್ತಿದ ತಯಾರಿಕೆ ತಿಂಗಳು, ವರ್ಷ ಓದಿ: ಅದರ ಆಯುಸ್ಸು ತಯಾರಾದ ದಿನದಿಂದ ಹತ್ತು ವರ್ಷ, ನೀವು ಕೊಂಡ ದಿನದಿಂದ ಅಲ್ಲ. ಗೋದಾಮಿನಲ್ಲಿ ಮೂರು ವರ್ಷ ಕೂತದ್ದಾದರೆ ಆ ಮೂರು ವರ್ಷಕ್ಕೆ ತಕ್ಕಷ್ಟು ಬೆಲೆ ಇಳಿಸಲು ಅಲ್ಲೇ ಕೇಳಿ.