ಕರಪತ್ರವೋ, ಕುಸ್ವಾರ್ ತಟ್ಟೆಯೋ?

ಯೇಸುವಿನ ಬಗ್ಗೆ ನಾಲ್ಕು ಜನಕ್ಕೆ ಹೇಳುವ ಆಸೆ ಇದೆ, ಆದರೆ ಯಾರೂ ದೂರ ಸರಿಯಬಾರದು. ಹಾಗಿದ್ದರೆ ಎರಡು ದಾರಿ ನೋಡೋಣ.

ಬಸ್ ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿದರೆ ಬೇಗ ತುಂಬಾ ಜನರನ್ನು ತಲುಪಬಹುದು. ಓದುವವರು ಎಷ್ಟು ಅನ್ನುವುದು ಬೇರೆ ಮಾತು. 'ನಿಮ್ಮ ದೇವರು ಸುಳ್ಳು' ಅನ್ನುವ ಧಾಟಿ ಒಂದೇ ಸಾಲಿನಲ್ಲಿ ಇಣುಕಿದರೂ ಕೆಲಸ ಕೆಟ್ಟಿತು.

ಪರಿಚಯದ ದಾರಿ ನಿಧಾನ. ಮಂಗಳೂರಿನ ಕ್ರಿಸ್‌ಮಸ್ ನೋಡಿ. ನೆವ್ರಿ, ಕಿಡಿಯೊ, ಗುಳಿಯೊ ಅನ್ನುವ ಹಬ್ಬದ ತಿಂಡಿಗಳು ತುಂಬಿದ ಕುಸ್ವಾರ್ ತಟ್ಟೆ ಪಕ್ಕದ ಮನೆಗೆ ಹೋಗುತ್ತದೆ, ಉಪದೇಶ ಹೋಗುವುದಿಲ್ಲ. ದೀಪಾವಳಿಗೆ ಆ ಮನೆಯ ತಿಂಡಿ ಬಂದಾಗ ನೀವೂ ಖುಷಿಯಿಂದ ತಿನ್ನಬೇಕು, ಅಲ್ವಾ? ಗೋದಲಿ (ಯೇಸು ಹುಟ್ಟಿದ ದೃಶ್ಯದ ಗೊಂಬೆ ಅಲಂಕಾರ) ನೋಡಲು ಬಂದ ಅಜ್ಜಿ ತಾವಾಗಿ ಏನಾದರೂ ಕೇಳಿದರೆ ಆಗ ಹೇಳಿ. ಬೈಬಲ್ಲಿನ 1 ಪೇತ್ರ 3:15 ಹೇಳುವುದೂ ಅಷ್ಟೇ: ಕೇಳಿದವರಿಗೆ ಉತ್ತರ ಕೊಡಿ, ಆದರೆ ಮೆತ್ತಗೆ, ಗೌರವದಿಂದ. ಕೇಳದಿದ್ದರೆ ಸುಮ್ನೆ ಕಾಫಿ ಕೊಡಿ. ತಟ್ಟೆಯ ಹಿಂದೆ ಲೆಕ್ಕಾಚಾರ ಇದ್ದರೆ ಅದೂ ಬಲೆಯೇ, ಜನಕ್ಕೆ ಬೇಗ ಗೊತ್ತಾಗುತ್ತದೆ.

ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಪಾದ್ರಿ ಕಿಟೆಲ್ ಅವರನ್ನು ನಾವು ಜಾಸ್ತಿ ನೆನೆಯುವುದು ಉಪದೇಶಕ್ಕಲ್ಲ, 1894ರ ಕನ್ನಡ-ಇಂಗ್ಲಿಷ್ ನಿಘಂಟಿಗೆ.

ನನ್ನ ಓಟು ತಟ್ಟೆಗೆ. ಕರಪತ್ರ ಬೇಕೇ ಬೇಕು ಅನ್ನುವವರು ಎರಡು ಪ್ರತಿ ಚೀಲದಲ್ಲಿಟ್ಟುಕೊಳ್ಳಿ, ಯಾರಾದರೂ ಕೇಳಿದಾಗ ಕೊಡಲು.