ಚಂಡೀಗಢದಲ್ಲಿ ಮೊದಲು ಯಾವ ಸಂಗ್ರಹಾಲಯ?

ಪಂಜಾಬ್ ಮತ್ತು ಹರಿಯಾಣ ಎರಡಕ್ಕೂ ರಾಜಧಾನಿಯಾಗಿರುವ ಚಂಡೀಗಢದಲ್ಲಿ ನವೆಂಬರ್ ತಿಂಗಳ ಮೂರು ದಿನಗಳನ್ನು ಕಳೆದು, ಅಲ್ಲಿನ ನಾಲ್ಕು ಸಂಗ್ರಹಾಲಯಗಳನ್ನೂ ಕ್ಯಾಪಿಟಲ್ ಕಾಂಪ್ಲೆಕ್ಸ್ (ಸರ್ಕಾರಿ ಕಟ್ಟಡಗಳ ಸಮುಚ್ಚಯ) ಹಾಗೂ ರಾಕ್ ಗಾರ್ಡನ್‌ಗಳನ್ನೂ ನೋಡಿ ಬಂದೆ. ಈ ನಗರದ ಸಂಗ್ರಹಾಲಯಗಳಲ್ಲಿ ಹೆಚ್ಚಿನವು ಹೇಳುವುದು ನಗರದ ಹುಟ್ಟಿನ ಕಥೆಯನ್ನೇ ಆದ್ದರಿಂದ, ಒಂದೇ ದಿನ ಕೈಯಲ್ಲಿರುವವರು ಅವುಗಳಲ್ಲಿ ಆರಿಸಿಕೊಳ್ಳಲೇಬೇಕಾಗುತ್ತದೆ.

ಮುಖ್ಯ ಪೈಪೋಟಿ ಇರುವುದು ಸೆಕ್ಟರ್ 10ರಲ್ಲಿ ಅಕ್ಕಪಕ್ಕದಲ್ಲೇ ಇರುವ ಸರ್ಕಾರಿ ವಸ್ತುಸಂಗ್ರಹಾಲಯ ಮತ್ತು ವಾಸ್ತುಶಿಲ್ಪ ಸಂಗ್ರಹಾಲಯಗಳ ನಡುವೆ. 1997ರಲ್ಲಿ ಆರಂಭವಾದ ವಾಸ್ತುಶಿಲ್ಪ ಸಂಗ್ರಹಾಲಯದಲ್ಲಿ ನಕ್ಷೆಗಳು, ಮಾದರಿಗಳು ಮತ್ತು ಪತ್ರಗಳಿವೆ. ಅಮೆರಿಕದ ವಾಸ್ತುಶಿಲ್ಪಿ ಆಲ್ಬರ್ಟ್ ಮೇಯರ್ ಸಿದ್ಧಪಡಿಸಿದ್ದ ನಗರದ ಮೊದಲ ಯೋಜನೆ, ಅವರ ಸಹೋದ್ಯೋಗಿ ಮ್ಯಾಥ್ಯೂ ನೊವಿಟ್ಸ್ಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ನಂತರ ಹೇಗೆ ಸ್ವಿಸ್-ಫ್ರೆಂಚ್ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಅವರ ಕೈಗೆ ಬಂದು ಚೌಕಚೌಕದ ಸೆಕ್ಟರ್‌ಗಳಾಗಿ ಬದಲಾಯಿತು ಎಂಬುದನ್ನು ಕ್ರಮವಾಗಿ ತಿಳಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಇಲ್ಲಿ ಕಣ್ಣಿಗಿಂತ ಓದಿಗೇ ಕೆಲಸ ಹೆಚ್ಚು, ಮಕ್ಕಳಿಗೆ ಬೇಗ ಬೇಸರವಾಗುತ್ತದೆ.

ಸರ್ಕಾರಿ ವಸ್ತುಸಂಗ್ರಹಾಲಯದ ಕಟ್ಟಡವನ್ನು ಲೆ ಕಾರ್ಬುಸಿಯೆ ಅವರೇ ರೂಪಿಸಿದ್ದು, ಅದು ತೆರೆದದ್ದು 1968ರಲ್ಲಿ. ಮೇಲಿನಿಂದ ಇಳಿಯುವ ಹಗಲು ಬೆಳಕಿನಲ್ಲಿ ಇಂದಿನ ಪಾಕಿಸ್ತಾನದ ವಾಯವ್ಯ ಭಾಗದಲ್ಲಿದ್ದ ಪ್ರಾಚೀನ ಗಾಂಧಾರದ ಬೌದ್ಧ ಶಿಲ್ಪಗಳು ನಿಂತಿವೆ. ಬೇಲೂರು, ಹಳೇಬೀಡುಗಳ ಬಳಪದ ಕಲ್ಲಿನ ಕುಸುರಿಯನ್ನು ನೋಡುತ್ತಾ ಬೆಳೆದ ನನಗೆ, ಬೂದುಬಣ್ಣದ ಪದರಶಿಲೆಯಲ್ಲಿ ಆಭರಣದ ಬದಲು ಬಟ್ಟೆಯ ನೆರಿಗೆಗಳನ್ನೇ ಅಲಂಕಾರವಾಗಿಸಿಕೊಂಡ ಬುದ್ಧನೂ, ಮೀಸೆ ಹೊತ್ತ ಬೋಧಿಸತ್ವರೂ ತೀರಾ ಹೊಸ ಅನುಭವವಾಗಿದ್ದರು. ಈ ಶಿಲ್ಪಗಳು ಇಲ್ಲಿಗೆ ಬಂದ ಬಗೆಯನ್ನು ತಿಳಿದ ಮೇಲಂತೂ ಕಾಲು ಮುಂದೆ ಸಾಗಲಿಲ್ಲ. ದೇಶವಿಭಜನೆಯ ನಂತರ, 1948ರಲ್ಲಿ, ಲಾಹೋರ್ ಸಂಗ್ರಹಾಲಯದ ಸಂಪತ್ತನ್ನೂ ಆಸ್ತಿ ಪಾಲು ಮಾಡಿದಂತೆ ಹಂಚಲಾಯಿತು: ಶೇ. 60 ಪಾಕಿಸ್ತಾನಕ್ಕೆ, ಶೇ. 40 ಭಾರತಕ್ಕೆ. ನಮ್ಮ ಪಾಲಿಗೆ ಬಂದದ್ದು ಹಲವು ಊರುಗಳಲ್ಲಿ ತಂಗಿ ಕೊನೆಗೆ ಈ ಮನೆ ಸೇರಿತು. ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತೆಂಬುದೇ ಚಂಡೀಗಢದ ಮೂಲ ಕಾರಣ. ಪಕ್ಕದ ಸಂಗ್ರಹಾಲಯ ನಗರ ಹೇಗೆ ಕಟ್ಟಲ್ಪಟ್ಟಿತೆಂಬುದನ್ನು ವಿವರಿಸಿದರೆ, ಅದನ್ನು ಏಕೆ ಕಟ್ಟಬೇಕಾಯಿತೆಂಬುದನ್ನು ಈ ಕಲ್ಲುಗಳು ಎದೆಗೆ ಮುಟ್ಟಿಸುತ್ತವೆ. ಹೀಗಾಗಿ ನನ್ನ ಮೊದಲ ಆಯ್ಕೆ ಇದೇ. ಆಡಳಿತಾಧಿಕಾರಿ ಎಂ. ಎಸ್. ರಾಂಧವಾ ಅವರ ಆಸಕ್ತಿಯಿಂದ ಬೆಳೆದ ಕಾಂಗ್ರಾ, ಗುಲೇರ್ ಮುಂತಾದ ಪಹಾಡಿ (ಹಿಮಾಲಯದ ತಪ್ಪಲಿನ) ಚಿಕಣಿ ವರ್ಣಚಿತ್ರಗಳ ಸಂಗ್ರಹಕ್ಕೆ ಬೇರೆಯಾಗಿಯೇ ಒಂದು ಗಂಟೆ ಇಟ್ಟುಕೊಳ್ಳಬೇಕು.

ಉಳಿದ ಎರಡರಲ್ಲಿ, ಹಳೆಯ ವಾಸ್ತುಶಿಲ್ಪಿಗಳ ಕಚೇರಿಯಲ್ಲೇ ಇರುವ ಸೆಕ್ಟರ್ 19ರ ಲೆ ಕಾರ್ಬುಸಿಯೆ ಕೇಂದ್ರವನ್ನು ಸಮಯವಿದ್ದರೆ ನೋಡಬಹುದು. ಸೆಕ್ಟರ್ 5ರಲ್ಲಿರುವ ಪಿಯರ್ ಜೆನರೆ ಅವರ ಮನೆಯನ್ನು ಮಾತ್ರ ಬಿಡಬಾರದು. ಲೆ ಕಾರ್ಬುಸಿಯೆ ಅವರ ಸೋದರಸಂಬಂಧಿಯಾಗಿದ್ದ ಇವರು ಇಲ್ಲಿಯೇ ನೆಲೆಸಿ, 1965ರವರೆಗೆ ನಗರ ನಿರ್ಮಾಣದ ದಿನನಿತ್ಯದ ಕೆಲಸವನ್ನು ನಿಂತು ಮಾಡಿಸಿದವರು. ಇಟ್ಟಿಗೆ ಮತ್ತು ಉರುಟುಕಲ್ಲಿನ ಗೋಡೆ, ಸಾಗುವಾನಿ ಚೌಕಟ್ಟಿಗೆ ಬೆತ್ತ ಹೆಣೆದ ಕುರ್ಚಿ: ಈ ಊರಿನಲ್ಲಿ ವಾಸಿಸುವುದು ಹೇಗಿರುತ್ತದೆಂಬ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಈ ಮನೆಯಲ್ಲಿ.

ಹೊರಾಂಗಣದಲ್ಲಿ ಕ್ಯಾಪಿಟಲ್ ಕಾಂಪ್ಲೆಕ್ಸ್‌ಗೂ ರಾಕ್ ಗಾರ್ಡನ್‌ಗೂ ಸ್ಪರ್ಧೆ. 2016ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಕ್ಯಾಪಿಟಲ್‌ಗೆ ಗುರುತಿನ ಚೀಟಿ ತೋರಿಸಿ, ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಹಸಿರು, ಹಳದಿ, ಕೆಂಪು ಬಳಿದ ಉಚ್ಚ ನ್ಯಾಯಾಲಯದ ಮಹಾಕಂಬಗಳು ಭವ್ಯವಾಗಿದ್ದರೂ, ನೆರಳಿಲ್ಲದ ಆ ಕಾಂಕ್ರೀಟ್ ಬಯಲು ವಯಸ್ಸಾದವರಿಗೆ ತ್ರಾಸದಾಯಕ. ಲೋಕೋಪಯೋಗಿ ಇಲಾಖೆಯ ರಸ್ತೆ ಮೇಲ್ವಿಚಾರಕರಾಗಿದ್ದ ನೇಕ್ ಚಂದ್ ಅವರು ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ಆಯ್ದು, ಯಾರಿಗೂ ತಿಳಿಯದಂತೆ ವರ್ಷಗಟ್ಟಲೆ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ಯೋಜನೆಯ ನಗರದೊಳಗೆ ಯೋಜನೆಯೇ ಇಲ್ಲದೆ ಬೆಳೆದ ಈ ತೋಟಕ್ಕೇ ನನ್ನ ಮತ. ಅಲ್ಲಿಂದ ಸುಖ್ನಾ ಕೆರೆಯ ಏರಿಗೆ ನಡೆದೇ ಹೋಗಬಹುದು. ಜೆನರೆ ಅವರ ಚಿತಾಭಸ್ಮವನ್ನು, ಅವರ ಇಚ್ಛೆಯಂತೆ, ಆ ನೀರಿನಲ್ಲಿಯೇ ವಿಸರ್ಜಿಸಲಾಗಿದೆ.